ಹಳೇ ಡ್ರೈವರಿನ ಖಾತೆ ಮುಚ್ಚುವ ಬಗೆ

ಈ ಹೊತ್ತಿನ ವಿಷಯ ಕಂಪ್ಯೂಟರಿಗೆ ಸಂಬಂಧಪಟ್ಟದ್ದು. ‘ನಮಗೂ ಕಂಪ್ಯೂಟರಿಗೂ ಏನು ಸಂಬಂಧ?’ ಎಂದು ರೇಡಿಯೋ ಆರಿಸಬೇಡಿ. ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ಬಸ್ ನಿಲ್ದಾಣದಿಂದ ಒಂದು ಫರ್ಲಾಂಗು ನಡೆಯಿರಿ. ಜೆರಾಕ್ಸ್ ಅಂಗಡಿ, ಮೀ-ಸೇವಾ ಕೇಂದ್ರ, ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುವ ಬ್ಯಾಂಕ್ ಮಿತ್ರನ ಕೌಂಟರು, ಎಲ್ಲ ಕಡೆಯೂ ಒಂದು ಕಂಪ್ಯೂಟರು, ಅದಕ್ಕೆ ಜೋಡಿಸಿದ ಎರಡು ಮೂರು ಯಂತ್ರಗಳು. ಗಡಿಯ ಆಚೆ ಪಾವಗಡದ ಸೀಮೆಯಲ್ಲಿ ಹೊಲವಿದ್ದವರಿಗೆ ಪಹಣಿ ಬೇಕು, ಈಚೆ ಇದ್ದವರಿಗೆ ಅಡಂಗಲ್, ಒನ್-ಬಿ ಬೇಕು. ಎರಡೂ ಬರುವುದು ಪ್ರಿಂಟರಿನ ಬಾಯಿಂದಲೇ. ಪ್ರಿಂಟರು ಮುನಿಸಿಕೊಂಡರೆ ನಮ್ಮ ದಿನದ ಕೂಲಿ ಹೋಯಿತು.

ಈ ಅಂಗಡಿಗಳಲ್ಲಿ ಕೇಳಿಬರುವ ಒಂದು ಮಾತಿದೆ. ‘ಹೊಸ ಪ್ರಿಂಟರ್ ತಂದೆ, ಕೆಲಸ ಮಾಡ್ತಿಲ್ಲ. ಕಂಪ್ಯೂಟರನ್ನೇ ಪೂರ್ತಿ ಫಾರ್ಮ್ಯಾಟ್ ಮಾಡಿಸಬೇಕಂತೆ.’ ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದಂತೆ ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ತುಂಬಿಸುವುದು. ಅದಕ್ಕೆ ಒಂದು ದಿನ ಬೇಕು, ಹಣವೂ ಬೇಕು. ಹಳೇ ಕಾಗದಪತ್ರ ಕಳೆದುಹೋಗುವ ಭಯ ಬೇರೆ. ಎಷ್ಟೋ ಸಲ ಅದು ಬೇಕಾಗಿರುವುದೇ ಇಲ್ಲ. ಹೋದ ಯಂತ್ರದ ಡ್ರೈವರು ಒಳಗೆ ಉಳಿದುಕೊಂಡು ಹೊಸದಕ್ಕೆ ಅಡ್ಡಬಂದಿರುತ್ತದೆ, ಅಷ್ಟೆ. ಅದನ್ನು ಪೂರ್ತಿಯಾಗಿ ತೆಗೆಯುವುದು ಹೇಗೆ, ಯಾವಾಗ ತೆಗೆಯಬಾರದು ಎಂಬುದೇ ಇಂದಿನ ಮಾತು. ನಾನು ಮೆಟ್ರಿಕ್ ಓದಿದವನು, ಇಂಜಿನಿಯರಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಲೆಡ್ಜರು, ವೋಚರು ನೋಡಿಕೊಂಡು ಬಂದ ಗುಮಾಸ್ತ. ಆ ಕೆಲಸದ ಲೆಕ್ಕಾಚಾರವೇ ಇಲ್ಲಿಯೂ ಸಾಕು.

ಮೊದಲು, ಡ್ರೈವರ್ ಎಂದರೇನು?

ಬಸ್ಸು ಓಡಿಸುವ ಡ್ರೈವರನ್ನು ಮರೆತುಬಿಡಿ. ಇವನು ದುಭಾಷಿ. ಹಿಂದೂಪುರದ ಸಂತೆಗೆ ಗೌರಿಬಿದನೂರಿನ ಕಡೆಯಿಂದ ಕನ್ನಡ ಮಾತ್ರ ಬಲ್ಲ ರೈತನೊಬ್ಬ ಹುಣಸೆಹಣ್ಣು ತರುತ್ತಾನೆ. ಕೊಳ್ಳುವ ಸಾಹುಕಾರನಿಗೆ ತೆಲುಗು ಮಾತ್ರ ಗೊತ್ತು. ನಡುವೆ ನಮ್ಮಂಥವರೊಬ್ಬರು ನಿಂತು ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ದಾಟಿಸಿದರೆ ವ್ಯಾಪಾರ ಕುದುರುತ್ತದೆ. ಕಂಪ್ಯೂಟರಿನ ಒಡೆಯನಂತೆ ಇರುವ ಆಪರೇಟಿಂಗ್ ಸಿಸ್ಟಮ್, ನಮ್ಮ ಕಡೆ ಹೆಚ್ಚಾಗಿ ವಿಂಡೋಸ್, ಒಂದು ಭಾಷೆ ಆಡುತ್ತದೆ. ಪ್ರಿಂಟರು ತನ್ನದೇ ಇನ್ನೊಂದು ಭಾಷೆ ಆಡುತ್ತದೆ. ಸ್ಕ್ಯಾನರಿಗೆ ಮತ್ತೊಂದು, ಹೆಬ್ಬೆಟ್ಟಿನ ಯಂತ್ರಕ್ಕೆ ಮಗದೊಂದು. ನಡುವೆ ನಿಂತು ಮಾತು ದಾಟಿಸುವ ಸಣ್ಣ ಪ್ರೋಗ್ರಾಮಿಗೇ ಡಿವೈಸ್ ಡ್ರೈವರ್ ಎಂದು ಹೆಸರು.

ಈ ದುಭಾಷಿಗೆ ಇನ್ನೊಂದು ವಿಶೇಷವಿದೆ. ಬೇರೆ ಪ್ರೋಗ್ರಾಮುಗಳು ಬ್ಯಾಂಕಿನ ಗಿರಾಕಿಗಳಂತೆ ಕೌಂಟರಿನ ಹೊರಗೇ ನಿಲ್ಲುತ್ತವೆ. ಡ್ರೈವರುಗಳಲ್ಲಿ ಬಹಳಷ್ಟು ಸ್ಟ್ರಾಂಗ್ ರೂಮಿನೊಳಗೇ ಹೋಗಿಬರುವ ಅಧಿಕಾರ ಪಡೆದವು. ಅಲ್ಲಿ ಎಡವಟ್ಟಾದರೆ ಇಡೀ ಕಂಪ್ಯೂಟರೇ ಕುಸಿಯುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ಸಾಫ್ಟ್‌ವೇರಿಗೆ ಬಂದ ಒಂದು ತಪ್ಪು ಕಡತ ಈ ಒಳಕೋಣೆಯಲ್ಲೇ ಗೊಂದಲ ಎಬ್ಬಿಸಿತು. ಮೈಕ್ರೋಸಾಫ್ಟ್ ಹೇಳಿದ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಸ್ಟ್ರಾಂಗ್ ರೂಮಿನ ಬೀಗದಕೈ ಯಾರ ಯಾರ ಹತ್ತಿರ ಇದೆ ಎಂಬ ಲೆಕ್ಕ ಏಕೆ ಬೇಕು ಎಂಬುದಕ್ಕೆ ಇದು ಸಾಕ್ಷಿ.

ಯಂತ್ರ ಹೋದರೂ ಡ್ರೈವರು ಏಕೆ ಉಳಿಯುತ್ತದೆ?

ವಿಂಡೋಸ್ ಬೇಕೆಂದೇ ಉಳಿಸಿಕೊಳ್ಳುತ್ತದೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಡ್ರೈವರ್ ಸ್ಟೋರ್ ಎಂಬ ಉಗ್ರಾಣ ಒಂದಿದೆ. ಯಾವ ಡ್ರೈವರು ಬಂದರೂ ಮೊದಲು ಅದರ ಪೂರ್ತಿ ಗಂಟನ್ನು ಅಲ್ಲಿ ಇಟ್ಟುಕೊಂಡು, ಆಮೇಲೆ ಕೆಲಸಕ್ಕೆ ಹಚ್ಚುವುದು ಪದ್ಧತಿ. ನಾಳೆ ಅದೇ ಪ್ರಿಂಟರನ್ನು ಮತ್ತೆ ಚುಚ್ಚಿದರೆ ಸಿ.ಡಿ. ಹುಡುಕುವ ಕಷ್ಟವಿರಬಾರದು ಎಂಬ ಒಳ್ಳೆಯ ಉದ್ದೇಶವೇ. ಆದರೆ ಯಂತ್ರ ಗುಜರಿಗೆ ಹೋಯಿತೆಂದು ಉಗ್ರಾಣಕ್ಕೆ ಯಾರೂ ಹೇಳುವುದಿಲ್ಲ. ನೀವು ಪರದೆಯ ಮೇಲಿನ ಚಿತ್ರವನ್ನು ಅಳಿಸಿದರೆ ಹೊರಗೆ ಚೊಕ್ಕಟ, ಒಳಗೆ ಎಲ್ಲವೂ ಇದ್ದಂತೆಯೇ ಇರುತ್ತದೆ. ‘ಇಂಟಿ ಪೇರು ಕಸ್ತೂರಿವಾರು, ಇಂಟ್ಲೋ ಗಬ್ಬಿಲಾಲ ವಾಸನ’ ಎಂದು ನಮ್ಮ ತೆಲುಗು ನೆರೆಯವರು ಹೇಳುವುದು ಇಂಥದ್ದಕ್ಕೇ. ಮನೆತನದ ಹೆಸರು ಕಸ್ತೂರಿ, ಮನೆಯೊಳಗೆ ಬಾವಲಿಯ ವಾಸನೆ.

ಇನ್ನೊಂದು ಕಾರಣ ಯು.ಎಸ್.ಬಿ. ತೂತುಗಳು. ಕೆಲವು ಯಂತ್ರಗಳಿಗೆ ತಮ್ಮದೇ ಕ್ರಮಸಂಖ್ಯೆ ಇರುವುದಿಲ್ಲ. ಅಂಥ ಪ್ರಿಂಟರನ್ನು ನಿನ್ನೆ ಎಡಗಡೆಯ ತೂತಿಗೆ, ಇಂದು ಬಲಗಡೆಯದಕ್ಕೆ ಸಿಕ್ಕಿಸಿದರೆ ವಿಂಡೋಸ್ ಅದನ್ನು ಬೇರೆ ಪ್ರಿಂಟರು ಎಂದೇ ತಿಳಿದು ಹೊಸ ಪುಟ ತೆರೆಯುತ್ತದೆ. ಅಂಗಡಿಗಳಲ್ಲಿ ಒಂದೇ ಪ್ರಿಂಟರಿನ ಹೆಸರಿನ ಮುಂದೆ ‘ಕಾಪಿ 1’, ‘ಕಾಪಿ 2’ ಎಂದು ಕಾಣುತ್ತದಲ್ಲ, ಅದರ ಗುಟ್ಟು ಇದೇ. ಬ್ಯಾಂಕಿನಲ್ಲಿ ಎರಡು ವರ್ಷ ವ್ಯವಹಾರವೇ ನಡೆಯದ ಖಾತೆಯನ್ನು ನಿಷ್ಕ್ರಿಯ ಖಾತೆ ಎನ್ನುತ್ತೇವೆ. ಇವೂ ಹಾಗೆಯೇ. ವ್ಯವಹಾರವಿಲ್ಲ, ಆದರೆ ಖಾತೆ ಮುಚ್ಚಿಲ್ಲ.

ಉಳಿದರೆ ಆಗುವ ತೊಂದರೆ ಏನು?

2022ರ ಏಪ್ರಿಲ್ 4ರಂದು ಹಿಂದೂಪುರವು ಅನಂತಪುರ ಜಿಲ್ಲೆ ಬಿಟ್ಟು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹಳೇ ಜಿಲ್ಲೆಯ ಹೆಸರಿನ ರಬ್ಬರ್ ಸ್ಟಾಂಪು ಮೇಜಿನ ಡ್ರಾಯರಿನಲ್ಲೇ ಇದ್ದರೆ ಏನಾಗುತ್ತದೆ? ಅದು ತಾನಾಗಿ ಏನೂ ಮಾಡದು. ಆದರೆ ಅವಸರದಲ್ಲಿ ಕೈಗೆ ಸಿಕ್ಕರೆ ಕಾಗದದ ಮೇಲೆ ಬಿದ್ದೇ ಬೀಳುತ್ತದೆ, ಕಾಗದ ವಾಪಸು ಬರುತ್ತದೆ. ಹಳೇ ಡ್ರೈವರಿನ ಮೊದಲ ತೊಂದರೆ ಇಂಥದ್ದು. ಪ್ರಿಂಟ್ ಕೊಟ್ಟದ್ದು ಇಲ್ಲದ ಪ್ರಿಂಟರಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತದೆ. ಹೊಸ ಪ್ರಿಂಟರು ಸುಮ್ಮನೆ ಕೂತಿರುತ್ತದೆ.

ಹೆಬ್ಬೆಟ್ಟಿನ ಯಂತ್ರದ ಕಥೆ ಇನ್ನೂ ಸೂಕ್ಷ್ಮ. ಆಧಾರ್ ಪ್ರಾಧಿಕಾರವು ಈಚಿನ ವರ್ಷಗಳಲ್ಲಿ ಎಲ್-ಸೊನ್ನೆ ಎಂಬ ಹಳೇ ದರ್ಜೆಯ ಯಂತ್ರಗಳ ಬದಲು ಎಲ್-ಒಂದು ಎಂಬ ಹೊಸ ದರ್ಜೆಯವನ್ನು ತರಿಸುತ್ತಿದೆ. ಹಳೆಯದರಲ್ಲಿ ಬೆರಳಿನ ಗುರುತಿಗೆ ಗುಪ್ತಲಿಪಿಯ ಮುದ್ರೆ ಬೀಳುತ್ತಿದ್ದುದು ಕಂಪ್ಯೂಟರಿನೊಳಗಿನ ಸಾಫ್ಟ್‌ವೇರಿನಲ್ಲಿ. ಹೊಸದರಲ್ಲಿ ಯಂತ್ರದ ಒಳಗೇ ಮುದ್ರೆ ಬಿದ್ದು ಹೊರಗೆ ಬರುತ್ತದೆ, ಕದಿಯುವವನಿಗೆ ಸಂದು ಕಡಿಮೆ. ಒಳ್ಳೆಯದೇ. ಯಂತ್ರ ಬದಲಾಯಿಸಿದವರು ಹಳೆಯದರ ಡ್ರೈವರನ್ನೂ ಅದರ ಜೊತೆಗಾರ ಆರ್.ಡಿ. ಸರ್ವಿಸ್ ಎಂಬ ಪ್ರೋಗ್ರಾಮನ್ನೂ ಹಾಗೆಯೇ ಬಿಟ್ಟಿರುತ್ತಾರೆ. ಹಣ ಕೊಡುವ ಅಪ್ಲಿಕೇಶನ್ನು ಕಂಪ್ಯೂಟರಿನೊಳಗಿನ 11100ರಿಂದ 11120ರವರೆಗಿನ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ, ‘ಹೆಬ್ಬೆಟ್ಟಿನ ಯಂತ್ರದವರು ಯಾರಿದ್ದೀರಿ?’ ಎಂದು ಕೇಳುತ್ತದೆ. ಮೊದಲ ಬಾಗಿಲಿನಲ್ಲಿ ಹಳೇ ಬಾಡಿಗೆದಾರನೇ ಕೂತು ‘ನಾನಿದ್ದೇನೆ’ ಎಂದರೆ, ಆದರೆ ಅವನ ಕೈಯಲ್ಲಿ ಯಂತ್ರವೇ ಇಲ್ಲದಿದ್ದರೆ, ಕೆಲಸ ಅಲ್ಲಿಗೇ ನಿಲ್ಲಬಹುದು. ಹಳ್ಳಿಯಿಂದ ಬಸ್ಸು ಹತ್ತಿ ಬಂದ ಅಜ್ಜಿಗೆ ‘ನಿಮ್ಮ ಬೆರಳು ಬೀಳ್ತಿಲ್ಲಮ್ಮ, ನಾಳೆ ಬನ್ನಿ’ ಎಂಬ ಉತ್ತರ ಸಿಗುತ್ತದೆ. ಬೆರಳು ಸವೆದಿದ್ದರೂ, ಇಂಟರ್‌ನೆಟ್ ನಿಧಾನವಿದ್ದರೂ ಹೀಗಾಗುವುದುಂಟು, ನಿಜ. ಆದರೆ ಹೊಸ ಯಂತ್ರ ತಂದ ಮರುದಿನದಿಂದಲೇ ಎಲ್ಲರ ಬೆರಳೂ ಒಟ್ಟಿಗೆ ಸವೆಯುವುದಿಲ್ಲವಷ್ಟೆ?

ಎರಡನೆಯ ತೊಂದರೆ ಕಳ್ಳಕಾಕರದು. ಒಂದು ಕಾಲದಲ್ಲಿ ಟೆಲಿಫೋನ್ ತಂತಿಯ ಮೇಲೆ ಇಂಟರ್‌ನೆಟ್ ಬರುತ್ತಿತ್ತು, ಅದಕ್ಕೆ ಮೋಡೆಮ್ ಎಂಬ ಯಂತ್ರ ಬೇಕಿತ್ತು. ಅಂಥ ಏಜಿಯರ್ ಎಂಬ ಹೆಸರಿನ ಮೋಡೆಮಿನ ಡ್ರೈವರು ವಿಂಡೋಸಿನ ಜೊತೆಗೇ ಬಂದು, ಮೋಡೆಮೇ ಇಲ್ಲದ ಕಂಪ್ಯೂಟರುಗಳಲ್ಲೂ ವರ್ಷಗಟ್ಟಲೆ ಸುಮ್ಮನೆ ಬಿದ್ದಿತ್ತು. ಅದರಲ್ಲಿದ್ದ ದೋಷವನ್ನು ಹಿಡಿದುಕೊಂಡು ಕಂಪ್ಯೂಟರಿನ ಪೂರ್ತಿ ಯಜಮಾನಿಕೆ ಪಡೆಯುವ ದಾರಿಯನ್ನು ದುಷ್ಟರು ಕಂಡುಕೊಂಡರು. ಆ ಮೋಡೆಮನ್ನು ನೀವು ಬಳಸುತ್ತಿರಬೇಕೆಂದೂ ಇಲ್ಲ. ಕಡೆಗೆ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ರ ಅಪ್‌ಡೇಟಿನಲ್ಲಿ ಆ ಡ್ರೈವರಿಗೆ ತೇಪೆ ಹಾಕುವ ಗೋಜಿಗೆ ಹೋಗದೆ, ಅದನ್ನು ಬೇರುಸಹಿತ ಕಿತ್ತೇಹಾಕಿದರು. ಹಿಂದೆ 2021ರ ಜುಲೈಯಲ್ಲೂ ಪ್ರಿಂಟರ್ ಡ್ರೈವರುಗಳನ್ನು ಹಾಕುವ ದಾರಿಯಲ್ಲಿದ್ದ ದೊಡ್ಡ ಬಿರುಕೊಂದು ಬಯಲಾಗಿ, ‘ಪ್ರಿಂಟ್ ನೈಟ್‌ಮೇರ್’ ಎಂದು ಹೆಸರಾಯಿತು. ಹಣದ ವ್ಯವಹಾರ ನಡೆಯುವ ಕಂಪ್ಯೂಟರಿನಲ್ಲಿ ಬೇಡದ ಬೀಗದಕೈ ಇರಬಾರದು.

ಖಾತೆ ಮುಚ್ಚುವ ಕ್ರಮ

ಬ್ಯಾಂಕಿನಲ್ಲಿ ಖಾತೆ ಮುಚ್ಚುವುದೆಂದರೆ ಪಾಸ್‌ಬುಕ್ಕನ್ನು ಹರಿದು ಬಿಸಾಡುವುದಲ್ಲ. ಮೊದಲು ತಿಂಗಳು ತಿಂಗಳು ಹಣ ಕಳಿಸಲು ಬರೆದುಕೊಟ್ಟ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ರದ್ದಾಗಬೇಕು. ಆಮೇಲೆ ಲೆಡ್ಜರಿನ ಪುಟಕ್ಕೆ ಗೆರೆ ಎಳೆಯಬೇಕು. ಕೊನೆಗೆ ಮಾದರಿ ಸಹಿಯ ಕಾರ್ಡನ್ನು ತಟ್ಟೆಯಿಂದ ಹೊರಗೆ ತೆಗೆಯಬೇಕು. ಆ ಕಾರ್ಡು ಉಳಿದರೆ ಖಾತೆ ಇನ್ನೂ ಜೀವಂತವಿದೆ ಎಂದೇ ಯಾರಾದರೂ ತಿಳಿಯುತ್ತಾರೆ. ಡ್ರೈವರಿನದೂ ಇದೇ ಕ್ರಮ. ಕಂಪನಿಯ ಸಾಫ್ಟ್‌ವೇರು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಇದ್ದಂತೆ. ಯಂತ್ರದ ನಮೂದು ಲೆಡ್ಜರಿನ ಪುಟ. ಉಗ್ರಾಣದಲ್ಲಿರುವ ಗಂಟು ಮಾದರಿ ಸಹಿಯ ಕಾರ್ಡು. ಮೂರೂ ಹೋದರೆ ಮಾತ್ರ ಖಾತೆ ಮುಚ್ಚಿದಂತೆ.

ಕೈಹಾಕುವ ಮುನ್ನ ನಾಲ್ಕು ಸಿದ್ಧತೆ ಮಾಡಿಕೊಳ್ಳಿ. ಒಂದು, ಕಂಪ್ಯೂಟರು ನಿಮ್ಮದಲ್ಲದಿದ್ದರೆ ಯಜಮಾನರ ಒಪ್ಪಿಗೆ ಕೇಳಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕಾಗುತ್ತದೆ. ಎರಡು, ಹುಡುಕುವ ಜಾಗದಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಬರೆದು, ಇವತ್ತಿನ ಸ್ಥಿತಿಗೆ ಒಂದು ಗುರುತು ಹಾಕಿಸಿ. ಏನಾದರೂ ಕೆಟ್ಟರೆ ಇಲ್ಲಿಗೆ ಹಿಂತಿರುಗಬಹುದು. ಮೂರು, ಹೊಸ ಯಂತ್ರದ ಡ್ರೈವರನ್ನು ಅದರ ತಯಾರಕರಿಂದಲೇ ಮೊದಲೇ ಇಳಿಸಿ ಇಟ್ಟುಕೊಳ್ಳಿ. ನಾಲ್ಕು, ತೆಗೆಯಬೇಕಾದ ಹಳೇ ಯಂತ್ರದ ಕೇಬಲನ್ನು ಕಳಚಿ ಇಡಿ. ಇದು ಮುಖ್ಯ. ಯಂತ್ರ ಇನ್ನೂ ಚುಚ್ಚಿಕೊಂಡೇ ಇದ್ದರೆ ಕಂಪ್ಯೂಟರು ಮತ್ತೆ ಶುರುವಾದ ಕೂಡಲೇ ವಿಂಡೋಸ್ ಅದಕ್ಕೊಂದು ಡ್ರೈವರನ್ನು ಹುಡುಕಿ ಹಳೆಯದನ್ನೇ ಕರೆತಂದು ಕೂರಿಸಬಹುದು. ಕೊನೆಗೆ ಹಳೇ ಗಂಡನ ಪಾದವೇ ಗತಿ ಎಂಬಂತಾಗುತ್ತದೆ.

ಮೊದಲ ಹೆಜ್ಜೆ, ಕಂಪನಿಯ ಸಾಫ್ಟ್‌ವೇರು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಎಂಬಲ್ಲಿಗೆ ಹೋದರೆ ಹಾಕಿಸಿದ ಪ್ರೋಗ್ರಾಮುಗಳ ಪಟ್ಟಿ ಬರುತ್ತದೆ. ಹಳೇ ಪ್ರಿಂಟರಿನ ಅಥವಾ ಹಳೇ ಹೆಬ್ಬೆಟ್ಟಿನ ಯಂತ್ರದ ಹೆಸರಿರುವುದನ್ನು, ಅದರ ಆರ್.ಡಿ. ಸರ್ವಿಸ್ ಇದ್ದರೆ ಅದನ್ನೂ, ಅನ್‌ಇನ್‌ಸ್ಟಾಲ್ ಎಂದು ಒತ್ತಿ ತೆಗೆಯಿರಿ. ಹೊಸ ಯಂತ್ರವೂ ಅದೇ ಕಂಪನಿಯದಾದರೆ ಹೆಸರನ್ನು ಎರಡು ಸಲ ಓದಿ. ಎರಡೂ ಒಂದೇ ಸಾಫ್ಟ್‌ವೇರು ಬಳಸುತ್ತಿದ್ದರೆ ಹಳೆಯದರ ಜೊತೆ ಹೊಸದೂ ಹೋದೀತು. ಮುಗಿದ ಮೇಲೆ ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ. ಎಷ್ಟೋ ಸಲ ಇಷ್ಟಕ್ಕೇ ತೊಂದರೆ ನೀಗುತ್ತದೆ.

ಎರಡನೆಯ ಹೆಜ್ಜೆ, ಲೆಡ್ಜರಿನ ಪುಟ. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದುಕೊಂಡು ಎಕ್ಸ್ ಅಕ್ಷರ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ಇದೆ. ಅದನ್ನು ತೆರೆದರೆ ಈಗ ಜೋಡಿಸಿರುವ ಯಂತ್ರಗಳು ಮಾತ್ರ ಕಾಣುತ್ತವೆ. ಮೇಲಿನ ‘ವ್ಯೂ’ ಎಂಬಲ್ಲಿ ‘ಷೋ ಹಿಡನ್ ಡಿವೈಸಸ್’ ಎಂದು ಒತ್ತಿ. ಆಗ ಹಿಂದೆ ಎಂದೋ ಬಂದುಹೋದ ಯಂತ್ರಗಳೂ ಮಸುಕು ಮಸುಕಾಗಿ ಮೇಲೇಳುತ್ತವೆ. ಎಂದೋ ಯಾರೋ ಚುಚ್ಚಿ ತೆಗೆದ ಪೆನ್‌ಡ್ರೈವು ಸಹಾ ಅಲ್ಲಿರುತ್ತದೆ. ನಿಮ್ಮ ಹಳೇ ಪ್ರಿಂಟರಿನ ಅಥವಾ ಹೆಬ್ಬೆಟ್ಟಿನ ಯಂತ್ರದ ಮಸುಕು ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಅನ್‌ಇನ್‌ಸ್ಟಾಲ್ ಡಿವೈಸ್’ ಎನ್ನಿ. ಡ್ರೈವರನ್ನೂ ಅಳಿಸಲೇ ಎಂದು ಕೇಳುವ ಸಣ್ಣ ಚೌಕ ಕಂಡರೆ ಅದಕ್ಕೂ ಟಿಕ್ ಹಾಕಿ. ಈ ಟಿಕ್ಕನ್ನು ಬಿಟ್ಟವರೇ ಹೆಚ್ಚು. ಟಿಕ್ ಇಲ್ಲದಿದ್ದರೆ ಪುಟಕ್ಕೆ ಗೆರೆ ಬಿತ್ತು, ಸಹಿಯ ಕಾರ್ಡು ತಟ್ಟೆಯಲ್ಲೇ ಉಳಿಯಿತು.

ಮಸುಕಾಗಿ ಕಂಡದ್ದೆಲ್ಲ ಕಸವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸು ತನ್ನ ಕೆಲಸಕ್ಕೆ ಇಟ್ಟುಕೊಂಡವೂ ಅಲ್ಲಿರುತ್ತವೆ. ‘ಸಿಸ್ಟಮ್ ಡಿವೈಸಸ್’, ‘ಸ್ಟೋರೇಜ್’, ‘ಪ್ರೊಸೆಸರ್ಸ್’ ಎಂಬ ಹೆಸರಿನ ಕೆಳಗಿನವುಗಳ ಗೊಡವೆಗೆ ಹೋಗಬೇಡಿ. ನಿಮಗೆ ಹೆಸರು ಗೊತ್ತಿರುವ, ನಿಮ್ಮ ಕೈಯಿಂದಲೇ ಹೋದ ಯಂತ್ರವನ್ನು ಮಾತ್ರ ತೆಗೆಯಿರಿ.

ಪ್ರಿಂಟರುಗಳಿಗೆ ನಡುವೆ ಇನ್ನೊಂದು ಕೋಣೆಯಿದೆ. ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ತೆರೆದು, ಮೊದಲು ಹಳೇ ಪ್ರಿಂಟರನ್ನೂ ಅದರ ಕಾಪಿಗಳನ್ನೂ ರಿಮೂವ್ ಮಾಡಿ. ಆಮೇಲೆ ಅದೇ ಪುಟದ ಕೆಳಭಾಗದಲ್ಲಿ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ಎಂಬುದನ್ನು ಒತ್ತಿ. ಅಲ್ಲಿ ‘ಡ್ರೈವರ್ಸ್’ ಎಂಬ ಹಾಳೆಯಲ್ಲಿ ಪ್ರಿಂಟರ್ ಡ್ರೈವರುಗಳ ಪಟ್ಟಿ ಸಿಗುತ್ತದೆ. ಬೇಡದ್ದನ್ನು ಆರಿಸಿ ರಿಮೂವ್ ಎಂದರೆ ಎರಡು ಆಯ್ಕೆ ಕೊಡುತ್ತದೆ: ಡ್ರೈವರ್ ಮಾತ್ರವೋ, ಡ್ರೈವರು ಮತ್ತು ಪ್ಯಾಕೇಜ್ ಎರಡೂವೋ. ಎರಡನೆಯದನ್ನು ಆರಿಸಿ. ‘ಡ್ರೈವರು ಬಳಕೆಯಲ್ಲಿದೆ’ ಎಂದು ಹಠ ಮಾಡಿದರೆ, ಪ್ರಿಂಟಿನ ಸಾಲನ್ನು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಅದನ್ನು ಹಿಡಿದುಕೊಂಡಿದೆ ಎಂದರ್ಥ. ಹುಡುಕುವ ಜಾಗದಲ್ಲಿ ‘ಸರ್ವಿಸಸ್’ ಎಂದು ಬರೆದು ತೆರೆದು, ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರಿನ ಮೇಲೆ ‘ರೀಸ್ಟಾರ್ಟ್’ ಒತ್ತಿ, ಕೂಡಲೇ ಮರಳಿ ಬಂದು ತೆಗೆಯಿರಿ. ಬಿಡುತ್ತದೆ.

ಮೂರನೆಯ ಹೆಜ್ಜೆ, ಉಗ್ರಾಣ. ಇಷ್ಟು ಮಾಡಿದ ಮೇಲೂ ಹಳೆಯದು ಮರಳಿ ಬರುತ್ತಿದ್ದರೆ ಮಾತ್ರ ಇದಕ್ಕೆ ಇಳಿಯಿರಿ. ವಿಂಡೋಸ್ ಕೀಲಿ ಮತ್ತು ಎಕ್ಸ್ ಒತ್ತಿದಾಗ ಬರುವ ಪಟ್ಟಿಯಲ್ಲಿ ಟರ್ಮಿನಲ್ ಅಥವಾ ಪವರ್‌ಶೆಲ್ ಎಂಬುದನ್ನು ಅಡ್ಮಿನ್ ಎಂದಿರುವ ಕಡೆಯಿಂದ ತೆರೆಯಿರಿ. ಕಪ್ಪು ಅಥವಾ ನೀಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹೀಗೆ ಬರೆಯಬೇಕು. ಕಾಗದ ತೆಗೆದುಕೊಂಡು ಗುರುತು ಹಾಕಿಕೊಳ್ಳಿ: ಪಿ, ಎನ್, ಪಿ, ಯು, ಟಿ, ಐ, ಎಲ್, ಇವಿಷ್ಟೂ ಕೂಡಿಸಿ ಒಂದು ಪದ. ಒಂದು ಜಾಗ ಬಿಡಿ. ಆಮೇಲೆ ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿಕೊಂಡಂತೆ ಇ, ಎನ್, ಯು, ಎಮ್, ಒಂದು ಸಣ್ಣ ಅಡ್ಡಗೆರೆ, ಡ್ರೈವರ್ಸ್ ಎಂಬ ಪದ. ಎಂಟರ್ ಒತ್ತಿ. ಹೊರಗಿನಿಂದ ಬಂದ ಡ್ರೈವರುಗಳ ಪಟ್ಟಿ ಉದ್ದಕ್ಕೆ ಇಳಿಯುತ್ತದೆ. ಪ್ರತಿಯೊಂದಕ್ಕೂ ಓ-ಇ-ಎಮ್ ಮತ್ತು ಒಂದು ಸಂಖ್ಯೆ, ಒಂದು ಚುಕ್ಕಿ, ಕೊನೆಗೆ ಐ-ಎನ್-ಎಫ್ ಎಂಬ ಹೆಸರಿರುತ್ತದೆ. ಓ-ಇ-ಎಮ್ 12, ಓ-ಇ-ಎಮ್ 27, ಹೀಗೆ. ಇದು ಖಾತೆ ನಂಬರು ಇದ್ದ ಹಾಗೆ. ಅದರ ಕೆಳಗೆ ತಯಾರಕರ ಹೆಸರು, ಯಾವ ಬಗೆಯ ಯಂತ್ರ, ಯಾವ ತಾರೀಖಿನದು ಎಂಬುದೆಲ್ಲ ಇರುತ್ತದೆ. ಈ ನಂಬರು ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು. ಪಕ್ಕದ ಅಂಗಡಿಯಲ್ಲಿ 12 ತೆಗೆದರೆಂದು ನೀವೂ 12 ತೆಗೆಯಬೇಡಿ.

ತೆಗೆಯುವ ಮುನ್ನ ಒಂದು ನಕಲು ಇಟ್ಟುಕೊಳ್ಳುವುದು ಜಾಣತನ. ಒಂದು ಖಾಲಿ ಫೋಲ್ಡರು ಮಾಡಿಕೊಂಡು, ಅದೇ ಮೊದಲ ಪದದ ಮುಂದೆ ಓರೆಗೆರೆ ಹಾಕಿ ‘ಎಕ್ಸ್‌ಪೋರ್ಟ್ ಅಡ್ಡಗೆರೆ ಡ್ರೈವರ್’ ಎಂದು ಬರೆದು, ಆ ನಂಬರಿನ ಪೂರ್ತಿ ಹೆಸರನ್ನೂ ಫೋಲ್ಡರಿನ ವಿಳಾಸವನ್ನೂ ಕೊಟ್ಟರೆ ಗಂಟಿನ ನಕಲು ಅಲ್ಲಿಗೆ ಬರುತ್ತದೆ. ಆಮೇಲೆ ‘ಡಿಲೀಟ್ ಅಡ್ಡಗೆರೆ ಡ್ರೈವರ್’ ಎಂದು ಬರೆದು, ನಂಬರಿನ ಹೆಸರು ಕೊಟ್ಟು, ಕೊನೆಯಲ್ಲಿ ಮತ್ತೊಂದು ಓರೆಗೆರೆಯೊಡನೆ ‘ಅನ್‌ಇನ್‌ಸ್ಟಾಲ್’ ಎಂದು ಬರೆದು ಎಂಟರ್ ಒತ್ತಿ. ಇಲ್ಲಿಗೆ ಸಹಿಯ ಕಾರ್ಡೂ ಹೊರಬಿತ್ತು. ಕೊನೆಗೆ ‘ಫೋರ್ಸ್’ ಎಂಬ ಪದ ಸೇರಿಸಿದರೆ ಬಲವಂತವಾಗಿಯೂ ತೆಗೆಯಬಹುದೆಂದು ಯಾರಾದರೂ ಹೇಳಿಯಾರು. ಬೇಡ. ತಾನಾಗಿ ಬಿಡದ ಡ್ರೈವರನ್ನು ಇನ್ನಾವುದೋ ಯಂತ್ರ ಬಳಸುತ್ತಿರಬಹುದು. ಹಾಗೆಯೇ ಉಗ್ರಾಣದ ಫೋಲ್ಡರಿಗೇ ಹೋಗಿ ಕೈಯಿಂದ ಕಡತ ಅಳಿಸುವುದೂ ಬೇಡ. ಲೆಡ್ಜರಿನ ಹಾಳೆ ಹರಿದರೆ ಖಾತೆ ಮುಚ್ಚುವುದಿಲ್ಲ, ಲೆಕ್ಕ ತಾಳೆಯಾಗುವುದಿಲ್ಲ ಅಷ್ಟೆ.

ಎಲ್ಲ ಮುಗಿದ ಮೇಲೆ ಕಂಪ್ಯೂಟರನ್ನು ಮತ್ತೊಮ್ಮೆ ಆರಿಸಿ ಹೊತ್ತಿಸಿ. ಡಿವೈಸ್ ಮ್ಯಾನೇಜರಿನಲ್ಲಿ ಹಳೇ ಹೆಸರು ಇಲ್ಲವೆಂದು ನೋಡಿ. ಅನಂತರ ಹೊಸ ಯಂತ್ರದ ಡ್ರೈವರನ್ನು, ತಯಾರಕರು ಹೇಳಿದ ಕ್ರಮದಲ್ಲಿ ಹಾಕಿ. ಕೆಲವರು ಮೊದಲು ಸಾಫ್ಟ್‌ವೇರು, ಆಮೇಲೆ ಕೇಬಲು ಎನ್ನುತ್ತಾರೆ. ಅದನ್ನು ಮೀರಬೇಡಿ.

ಇನ್ನು ಕೆಲವು ಸಂದೇಹಗಳು.

‘ಡ್ರೈವರ್ ತೆಗೆದರೆ ನಮ್ಮ ಕನ್ನಡ ಅಕ್ಷರ ಹೋಗುತ್ತದೆಯೇ?’ ಇಲ್ಲ. ನುಡಿ, ಬರಹ ಮುಂತಾದವು ಅಕ್ಷರ ಮೂಡಿಸುವ ಪ್ರೋಗ್ರಾಮುಗಳು. ಅಕ್ಷರದ ಅಚ್ಚುಗಳು ಫಾಂಟ್ಸ್ ಎಂಬ ಬೇರೆ ಜಾಗದಲ್ಲಿರುತ್ತವೆ. ಪ್ರಿಂಟರಿನ ಡ್ರೈವರು ಹೋದರೆ ಅವಕ್ಕೆ ಧಕ್ಕೆಯಿಲ್ಲ, ನೀವು ಬರೆದಿಟ್ಟ ಕಾಗದಗಳಿಗೂ ಇಲ್ಲ. ಒಂದು ಮಾತ್ರ ಆಗಬಹುದು: ಪ್ರಿಂಟರು ಬದಲಾದಾಗ ಹಳೇ ಕಾಗದದ ಸಾಲುಗಳು ಕೊಂಚ ಆಚೀಚೆ ಸರಿದು, ಒಂದು ಪುಟದಲ್ಲಿದ್ದದ್ದು ಎರಡನೆಯ ಪುಟಕ್ಕೆ ಇಳಿದೀತು. ಮದುವೆ ಪತ್ರಿಕೆ, ಅರ್ಜಿ ನಮೂನೆಗಳನ್ನು ಅಚ್ಚು ಹಾಕುವ ಮುಂಚೆ ಒಂದು ಹಾಳೆ ತೆಗೆದು ನೋಡಿ.

‘ಒಂದೇ ಗುಂಡಿ ಒತ್ತಿದರೆ ಎಲ್ಲ ಹಳೇ ಡ್ರೈವರನ್ನೂ ಗುಡಿಸುವ ಪ್ರೋಗ್ರಾಮು ಸಿಗುತ್ತದಂತೆ?’ ಸಿಗುತ್ತವೆ, ಜಾಹೀರಾತೂ ಬಹಳ. ಸ್ಟ್ರಾಂಗ್ ರೂಮು ಗುಡಿಸಲು ದಾರಿಹೋಕನನ್ನು ಕರೆಯುತ್ತೀರಾ? ಅಂಥವುಗಳಲ್ಲಿ ಕೆಲವು ತಾವೇ ಬೇಡದ್ದನ್ನು ತಂದು ತುಂಬುತ್ತವೆ. ಮೇಲೆ ಹೇಳಿದ್ದೆಲ್ಲ ವಿಂಡೋಸಿನೊಳಗೇ ಇದೆ, ಕಾಸು ಬೇಕಿಲ್ಲ.

‘ಹಳೆಯದನ್ನೆಲ್ಲ ತೆಗೆದುಬಿಟ್ಟರೆ ಒಳ್ಳೆಯದಲ್ಲವೇ?’ ಇದೇ ದೊಡ್ಡ ಪ್ರಶ್ನೆ. ನಮ್ಮ ಕಡೆ ಇನ್ನೂ ಕಿರ್ರ್ ಕಿರ್ರ್ ಎಂದು ಓಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಿವೆ. ಅಡತಿ ಮಂಡಿಯ ಚೀಟಿ, ಪಾಸ್‌ಬುಕ್ಕು, ಇಂಗಾಲದ ನಕಲು ಬೇಕಾದ ರಸೀದಿ, ಇವಕ್ಕೆ ಅವೇ ಅನುಕೂಲ. ಅವುಗಳ ಡ್ರೈವರು ಹತ್ತಿಪ್ಪತ್ತು ವರ್ಷ ಹಳೆಯದಿರಬಹುದು, ಸಿ.ಡಿ. ಕಳೆದಿರಬಹುದು, ತಯಾರಕರು ಈಗ ಕೊಡದೆಯೂ ಇರಬಹುದು. ಅದನ್ನು ಹಳೆಯದೆಂದು ಕಿತ್ತರೆ ಸುಸ್ಥಿತಿಯಲ್ಲಿರುವ ಯಂತ್ರ ಮೂಲೆ ಸೇರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪ್ರಿಂಟರ್ ತಯಾರಕರ ಬೇರೆ ಬೇರೆ ಡ್ರೈವರುಗಳ ಬದಲು ಎಲ್ಲ ಹೊಸ ಪ್ರಿಂಟರುಗಳಿಗೂ ಒಂದೇ ಸಾಮಾನ್ಯ ಡ್ರೈವರು ಬಳಸುವ ಕಡೆಗೆ ಸಾಗುವುದಾಗಿ ಆ ಕಂಪನಿ 2023ರ ಸೆಪ್ಟೆಂಬರಿನಲ್ಲೇ ಹೇಳಿತ್ತು. ಹಾಗಾಗಿ ಹಳೇ ಪ್ರಿಂಟರಿನಿಂದ ಹೊಟ್ಟೆ ಹೊರೆಯುವವರು ಕಂಪ್ಯೂಟರು ಬದಲಾಯಿಸುವ ಮುಂಚೆಯೇ ಮೇಲೆ ಹೇಳಿದ ನಕಲನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಲಿ. ಹೊಸ ವಿಂಡೋಸಿನಲ್ಲಿ ಅದು ನಡೆಯುತ್ತದೆಯೇ ಎಂಬುದನ್ನು ಕಂಪ್ಯೂಟರು ಕೊಳ್ಳುವ ಮೊದಲೇ ವಿಚಾರಿಸಲಿ.

ಹಾಗಾದರೆ ಅಳತೆಗೋಲು ಯಾವುದು? ಡ್ರೈವರಿನ ವಯಸ್ಸಲ್ಲ. ಅದರ ಯಂತ್ರ ಇನ್ನೂ ನಿಮ್ಮ ಬಳಿ ದುಡಿಯುತ್ತಿದೆಯೇ ಎಂಬುದು. ದುಡಿಯುತ್ತಿದ್ದರೆ ಹಳೆಯದಾದರೂ ಇರಲಿ, ನಕಲು ಮಾತ್ರ ಇಟ್ಟುಕೊಳ್ಳಿ. ಯಂತ್ರ ಹೋಗಿದ್ದರೆ ಮೊನ್ನೆ ಮೊನ್ನೆಯದಾದರೂ ತೆಗೆಯಿರಿ. ತೆಗೆಯುವುದಾದರೆ ಅರೆಬರೆ ಬೇಡ. ಸಾಫ್ಟ್‌ವೇರು, ನಮೂದು, ಗಂಟು, ಮೂರನ್ನೂ ಕ್ರಮವಾಗಿ ತೆಗೆಯಿರಿ.

ಅಂಗಡಿಯವರಿಗೆ ಕಡೆಯದಾಗಿ ಒಂದು ಸಣ್ಣ ಸಲಹೆ. ಎರಡು ರೂಪಾಯಿಯ ನೋಟ್‌ಪುಸ್ತಕವಾದರೂ ಸರಿ, ಕಂಪ್ಯೂಟರಿನ ಪಕ್ಕ ಇಟ್ಟುಕೊಳ್ಳಿ. ಯಾವ ಯಂತ್ರ ಯಾವ ತಾರೀಖು ಬಂತು, ಯಾವ ಡ್ರೈವರು ಹಾಕಿದೆವು, ಯಂತ್ರ ಯಾವತ್ತು ಹೋಯಿತು, ಡ್ರೈವರು ಯಾವತ್ತು ತೆಗೆದೆವು ಎಂದು ಒಂದೊಂದು ಸಾಲು ಬರೆಯಿರಿ. ಕನ್ನಡದಲ್ಲೋ ತೆಲುಗಿನಲ್ಲೋ, ನಿಮಗೆ ಒಗ್ಗಿದ್ದರಲ್ಲಿ. ರಿಪೇರಿಗೆ ಬಂದ ಹುಡುಗ ‘ಫಾರ್ಮ್ಯಾಟ್ ಮಾಡಬೇಕು’ ಎಂದಾಗ ಮೊದಲು ಆ ಪುಟವನ್ನು ತೆರೆದು ತೋರಿಸಿ. ಬೆರಳು ಒತ್ತಲು ಸಾಲಿನಲ್ಲಿ ನಿಂತವರ ಅರ್ಧ ದಿನ ಉಳಿದೀತು.